ಕಲ್ಲಚ್ಚಿನ ಕಲ್ಲು ಸಿಗುವ ಊರು: ಸೋಲ್ನ್‌ಹೋಫನ್

ಮ್ಯೂನಿಕ್‌ನಿಂದ ಸೋಲ್ನ್‌ಹೋಫನ್‌ಗೆ ಹೋಗಲು ಇಂಗೋಲ್‌ಷ್ಟಾಟ್ ಮೇಲೆ ಸಾಗುವ ಪ್ರಾದೇಶಿಕ ರೈಲನ್ನೇ ಹಿಡಿಯಬೇಕು. ವೇಗದ ರೈಲುಗಳು ಇಲ್ಲಿ ನಿಲ್ಲುವುದಿಲ್ಲ. ಜರ್ಮನಿಯ ಬವೇರಿಯಾ ರಾಜ್ಯದ ದಿನದ ಟಿಕೆಟ್ ತೆಗೆದುಕೊಂಡರೆ ಖರ್ಚು ಕಡಿಮೆ, ಆದರೆ ವಾರದ ದಿನಗಳಲ್ಲಿ ಅದು ಬೆಳಗ್ಗೆ 9 ಗಂಟೆಯ ನಂತರವೇ ನಡೆಯುತ್ತದೆ. ಐಖ್‌ಷ್ಟೆಟ್ ದಾಟಿದ ಮೇಲೆ ಹಳಿ ಆಲ್ಟ್‌ಮ್ಯೂಲ್ ನದಿಯ ಜೊತೆಗೇ ತಿರುಗುತ್ತಾ ಹೋಗುತ್ತದೆ. ಅಲ್ಲಿಂದ ಕಿಟಕಿಯ ಪಕ್ಕ ಕೂತವರಿಗೆ ಮೊದಲು ಕಾಣುವುದು ಮನೆಗಳ ಚಾವಣಿ. ಇಳಿಜಾರು ತೀರಾ ಕಡಿಮೆ, ಬಣ್ಣ ಬೂದುಬಿಳಿ, ಹೆಂಚೇ ಇಲ್ಲ. ತೆಳ್ಳಗೆ ಸೀಳಿದ ಸುಣ್ಣಕಲ್ಲಿನ ಹಲಗೆಗಳನ್ನು ಒಂದರ ಮೇಲೊಂದು ಹಲವು ಪದರ ಹೊದಿಸಿದ್ದಾರೆ. ಕಲ್ಲಿನ ಭಾರಕ್ಕೇ ಚಾವಣಿ ನಿಲ್ಲಬೇಕಾದ್ದರಿಂದ ಇಳಿಜಾರು ಹೆಚ್ಚಿಸುವಂತಿಲ್ಲ.

ಹಳೆಯ ಲೇಬಲ್ಲು, ಪೋಸ್ಟರು, ದೇವರ ಪಟ, ಕ್ಯಾಲೆಂಡರುಗಳನ್ನು ಪ್ರೀತಿಸುವವರಿಗೆ ಈ ಕಲ್ಲು ಗೊತ್ತಿರಲೇಬೇಕು. ಅವುಗಳಲ್ಲಿ ಬಹಳಷ್ಟನ್ನು ಅಚ್ಚು ಹಾಕಿದ್ದು ಇಂಥ ಸುಣ್ಣಕಲ್ಲಿನ ಮೇಲೆ ಚಿತ್ರ ಬರೆದು. ಈ ವಿದ್ಯೆಯೇ ಕಲ್ಲಚ್ಚು, ಇಂಗ್ಲಿಷಿನಲ್ಲಿ ಲಿಥೋಗ್ರಫಿ. ನಾವು ಆ ಕಾಲದ ಶೈಲಿ ಎಂದು ಮೆಚ್ಚುವ ಗುಣಗಳಲ್ಲಿ, ಅಂದರೆ ಮರಳಿನಂಥ ನೆರಳು, ಚುಕ್ಕಿಯಿಟ್ಟು ತುಂಬಿದ ಕೆನ್ನೆ, ಚಿತ್ರದೊಳಗೇ ಬಳ್ಳಿಯಂತೆ ಬಾಗುವ ಅಕ್ಷರ, ಇವುಗಳಲ್ಲಿ ಹೆಚ್ಚಿನವು ಕಲಾವಿದನ ಕೈಯಿಂದ ಎಷ್ಟು ಬಂದವೋ ಕಲ್ಲಿನ ಮೈಯಿಂದಲೂ ಅಷ್ಟೇ ಬಂದವು.

ರೈಲು ನಿಲ್ದಾಣದ ಹತ್ತಿರವೇ ಊರಿನ ವಸ್ತುಸಂಗ್ರಹಾಲಯ ಇದೆ. ಬಹಳ ಮಂದಿ ಬರುವುದು ಪಳೆಯುಳಿಕೆ ನೋಡಲು. ರೆಕ್ಕೆ, ಹಲ್ಲು ಎರಡೂ ಇದ್ದ ಆರ್ಕಿಯೋಪ್ಟೆರಿಕ್ಸ್ ಸಿಕ್ಕಿದ್ದು ಈ ಸೀಮೆಯ ಕಲ್ಲಿನಲ್ಲೇ. 1861ರಲ್ಲಿ ಹರ್ಮನ್ ಫಾನ್ ಮೇಯರ್ ಆ ಪ್ರಾಣಿಗೆ ಇಟ್ಟ ಪೂರ್ಣ ಹೆಸರು ಆರ್ಕಿಯೋಪ್ಟೆರಿಕ್ಸ್ ಲಿಥೋಗ್ರಾಫಿಕಾ. ಮುದ್ರಣದ ಕಲ್ಲಿನ ಹೆಸರು ಪಳೆಯುಳಿಕೆಗೆ ಅಂಟಿಕೊಂಡಿದೆ ಎಂದರೆ ಆ ಹೊತ್ತಿಗೆ ಈ ಉದ್ಯಮ ಎಷ್ಟು ದೊಡ್ಡದಿತ್ತು ಎಂದು ಊಹಿಸಬಹುದು. ಪಳೆಯುಳಿಕೆಗಳನ್ನು ನೋಡಿ ಮುಗಿಸಿ ಕಲ್ಲಚ್ಚಿನ ವಿಭಾಗಕ್ಕೆ ಹೆಚ್ಚು ಸಮಯ ಉಳಿಸಿಕೊಳ್ಳಿ.

ಕಲ್ಲಚ್ಚನ್ನು ಕಂಡುಹಿಡಿದ ಅಲೋಯಿಸ್ ಸೆನೆಫೆಲ್ಡರ್‌ನ ಪ್ರತಿಮೆ ಈ ಊರಿನಲ್ಲಿದೆ. 1771ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಈತ ಮ್ಯೂನಿಕ್‌ನಲ್ಲಿ ನಾಟಕ ಬರೆಯುತ್ತಿದ್ದ. ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ತಾನೇ ಅಚ್ಚು ಹಾಕಲು ದಾರಿ ಹುಡುಕಿದ. ತಾಮ್ರದ ತಗಡು ದುಬಾರಿ, ಸುಣ್ಣಕಲ್ಲು ಅಗ್ಗ. 1796ರ ಸುಮಾರಿಗೆ ಮೇಣ, ಸೋಪು, ದೀಪದ ಕಾಡಿಗೆ ಸೇರಿಸಿದ ಶಾಯಿಯಲ್ಲಿ ಕಲ್ಲಿನ ಮೇಲೆ ಬಟ್ಟೆ ಒಗೆಯಲು ಕೊಡುವ ಪಟ್ಟಿ ಬರೆದು, ಆಮೇಲೆ ಆಸಿಡ್ ಹಾಕಿ ನೋಡಿದನೆಂದು ಅವನೇ ಹೇಳಿಕೊಂಡಿದ್ದಾನೆ. ಆಗ ಸಿಕ್ಕಿದ್ದು ಅಕ್ಷರ ಕೊಂಚ ಉಬ್ಬಿನಿಂತ ಅಚ್ಚು. ನಿಜವಾದ ಕಲ್ಲಚ್ಚು, ಅಂದರೆ ಉಬ್ಬು ತಗ್ಗು ಎರಡೂ ಇಲ್ಲದೆ ಜಿಡ್ಡು ಮತ್ತು ನೀರಿನ ವೈರದಿಂದಲೇ ನಡೆಯುವ ಮುದ್ರಣ, 1798ರ ಹೊತ್ತಿಗೆ ಕೈಗೂಡಿತು. 1818ರಲ್ಲಿ ಈ ವಿದ್ಯೆಯ ಪೂರ್ತಿ ಕೈಪಿಡಿಯನ್ನೇ ಪ್ರಕಟಿಸಿದ.

ಊರ ಮೇಲಿನ ಪ್ರಸ್ಥಭೂಮಿಯಲ್ಲಿ ಕಲ್ಲುಗಣಿಗಳಿವೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಉಪ್ಪುನೀರಿನ ಲಗೂನುಗಳ ತಳದಲ್ಲಿ ನುಣುಪಾದ ಸುಣ್ಣದ ಕೆಸರು ಅಲುಗಾಡದೆ ಕೂತು ಗಟ್ಟಿಯಾಗಿದೆ. ಗಣಿಯ ಗೋಡೆ ಹಪ್ಪಳದ ಅಟ್ಟಿಯಂತೆ ಕಾಣುತ್ತದೆ. ಶುದ್ಧ ಗಟ್ಟಿ ಪದರಕ್ಕೆ ಅಲ್ಲಿಯವರು ಫ್ಲಿಂಟ್ಸ್ ಎನ್ನುತ್ತಾರೆ. ನಡುವಿನ ಜೇಡಿಮಿಶ್ರಿತ ಮೆದು ಪದರ ಫೋಯ್ಲೆ. ಮೆದು ಪದರ ಇರುವುದರಿಂದಲೇ ಗಟ್ಟಿ ಹಲಗೆಗಳು ಉಳಿ ಸುತ್ತಿಗೆಗೆ ಸಲೀಸಾಗಿ ಬಿಡಿಸಿಕೊಳ್ಳುತ್ತವೆ. ಆದರೆ ಬಿಡಿಸಿದ್ದೆಲ್ಲ ಮುದ್ರಣಕ್ಕೆ ಆಗುವುದಿಲ್ಲ. ಹೆಚ್ಚಿನ ಪದರಗಳು ನೆಲಹಾಸಿಗೋ ಚಾವಣಿಗೋ ಹೋಗುವಷ್ಟೇ ದಪ್ಪ. ಅಚ್ಚಿನ ಪ್ರೆಸ್ಸಿನ ಒತ್ತಡ ತಡೆಯಲು ಕಲ್ಲು ಕನಿಷ್ಠ 5–6 ಸೆಂಟಿಮೀಟರ್ ದಪ್ಪ ಇರಬೇಕು, ಪೋಸ್ಟರ್ ಅಳತೆಗೆ 10 ಬೇಕು. ಅಷ್ಟು ದಪ್ಪದ, ಗೆರೆಯಿಲ್ಲದ ಪದರ ಸಿಗುವುದು ಅಪರೂಪ. ಕಲ್ಲಿನ ಬೆಲೆ ನಿಂತದ್ದು ಅದರ ಮೇಲೆಯೇ.

ಸಾಮಾನ್ಯ ಜನ ಸುತ್ತಿಗೆ ಹಿಡಿದು ಪದರ ಸೀಳಿ ನೋಡಲು ಬಿಡುವ ಗಣಿಗಳೂ ಈ ಸೀಮೆಯಲ್ಲಿವೆ, ಐಖ್‌ಷ್ಟೆಟ್ ಹತ್ತಿರದ ಬ್ಲೂಮೆನ್‌ಬೆರ್ಗ್‌ನದು ಅದರಲ್ಲೊಂದು. ಅಲ್ಲಿ ಹಲಗೆ ಬಿಡಿಸಿದಾಗ ಪಾಚಿಯ ಕೊಂಬೆಯಂಥ ಕಂದು ಕಪ್ಪು ಚಿತ್ತಾರ ಕಂಡರೆ ಅದು ಗಿಡವಲ್ಲ. ಬಿರುಕಿನೊಳಗೆ ನೀರಿನ ಜೊತೆ ಇಳಿದ ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡ್ ಹರಡಿ ಹಾಗಾಗುತ್ತದೆ.

ಕಲ್ಲಿನ ಬಣ್ಣ ನೋಡಲು ಕಲಿತರೆ ಅರ್ಧ ಕೆಲಸ ಕಲಿತಂತೆ. ತಿಳಿಹಳದಿ ಕಲ್ಲು ಮೆದು, ರಂಧ್ರ ಹೆಚ್ಚು. ಆಸಿಡ್‌ಗೆ ಬೇಗ ಸೋಲುತ್ತದೆ, ಆದ್ದರಿಂದ ದಪ್ಪ ಕೆಲಸಕ್ಕೆ, ಒಂದೇ ಬಣ್ಣ ತುಂಬುವುದಕ್ಕೆ ಸಾಕು. ಬೂದು ಕಲ್ಲು ಗಟ್ಟಿ. ಸಣ್ಣ ಗೆರೆ, ಕೂದಲೆಳೆಯಂಥ ಅಕ್ಷರ, ಸೂಕ್ಷ್ಮ ಛಾಯೆ ಇದರ ಮೇಲೆ ಹೆಚ್ಚು ಪ್ರತಿಗಳವರೆಗೂ ನಿಲ್ಲುತ್ತವೆ. ಹೊಳೆಯುವ ಕ್ಯಾಲ್ಸೈಟ್ ಗೆರೆ ಕಲ್ಲಿನ ಉದ್ದಕ್ಕೂ ಹಾದಿದ್ದರೆ ಅದನ್ನು ಬಿಡಬೇಕು. ಒತ್ತಡಕ್ಕೆ ಸೀಳುವುದು ಅಲ್ಲೇ. ಬಿಳಿ ಸುಣ್ಣದ ಚುಕ್ಕೆ ಇದ್ದಲ್ಲಿ ಶಾಯಿ ಹಿಡಿಯದೆ ಪ್ರತಿಯಲ್ಲಿ ಖಾಲಿ ಚುಕ್ಕೆ ಬೀಳುತ್ತದೆ. 40×50 ಸೆಂಟಿಮೀಟರ್ ಅಳತೆಯ, 8 ಸೆಂಟಿಮೀಟರ್ ದಪ್ಪದ ಕಲ್ಲು ಸುಮಾರು 41 ಕಿಲೋ ತೂಗುತ್ತದೆ. 70×100ರ ಪೋಸ್ಟರ್ ಕಲ್ಲು 10 ಸೆಂಟಿಮೀಟರ್ ದಪ್ಪವಿದ್ದರೆ 180 ಕಿಲೋ ದಾಟುತ್ತದೆ. ಐದು ಬಣ್ಣದ ಪೋಸ್ಟರ್ ಎಂದರೆ ಅಂಥ ಐದು ಕಲ್ಲು.

ಕಲ್ಲನ್ನು ಸಿದ್ಧ ಮಾಡುವ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ಎರಡು ಕಲ್ಲುಗಳ ನಡುವೆ ನೀರು, ಕಾರ್ಬೊರಂಡಮ್ ಎಂಬ ಗಟ್ಟಿ ಉಜ್ಜುವ ಪುಡಿ ಹಾಕಿ ಮೇಲಿನದನ್ನು ಇಂಗ್ಲಿಷ್ 8ರ ಆಕಾರದಲ್ಲಿ ತಿರುಗಿಸುತ್ತಾರೆ. ಮೊದಲು 80 ಅಥವಾ 100 ನಂಬರ್ ಪುಡಿ, ಹಳೆಯ ಚಿತ್ರ ಪೂರ್ತಿ ಹೋಗುವವರೆಗೆ. ಆಮೇಲೆ 180, ಕೊನೆಗೆ 220. ನಂಬರ್ ಹೆಚ್ಚಿದಷ್ಟೂ ಪುಡಿ ಸಣ್ಣ. ಪುಡಿ ನುರಿದು ಬೂದುಬಣ್ಣದ ಲೇಹ್ಯವಾಗಿ ಕಲ್ಲುಗಳು ಕಚ್ಚಲಾರಂಭಿಸಿದಾಗ ತೊಳೆದು ಹೊಸ ಪುಡಿ ಹಾಕಬೇಕು. ಮೇಲಿನ ಕಲ್ಲು ನಡುವಿನಲ್ಲಿ ತಗ್ಗುತ್ತದೆ, ಕೆಳಗಿನದು ಉಬ್ಬುತ್ತದೆ. ಹಾಗಾಗಿ ನಡುನಡುವೆ ಮೇಲಿನದನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮಾಡುತ್ತಾರೆ. ಸಮತಟ್ಟು ಪರೀಕ್ಷಿಸಲು ಉಕ್ಕಿನ ಪಟ್ಟಿಯ ಕೆಳಗೆ ಅಲ್ಲಲ್ಲಿ ತೆಳು ಕಾಗದದ ಚೂರು ಸಿಕ್ಕಿಸಿ ಎಳೆಯಬೇಕು. ಯಾವ ಚೂರು ಸಡಿಲವಾಗಿ ಬರುತ್ತದೋ ಅಲ್ಲಿ ಕಲ್ಲು ತಗ್ಗಿದೆ. 80 ನಂಬರಿನ ಒಂದೇ ಕಾಳು ಕಲ್ಲಿನ ಅಂಚಿನಲ್ಲಿ ಉಳಿದು 220ರ ಹೊತ್ತಿಗೆ ಒಳಬಂದರೆ ಉದ್ದ ಗೀರು ಬೀಳುತ್ತದೆ, ಮತ್ತೆ ಮೊದಲಿನಿಂದ ಉಜ್ಜಬೇಕಾಗುತ್ತದೆ. ಅಂಚನ್ನು ಅರದಿಂದ ದುಂಡು ಮಾಡುವುದು ಶಾಯಿ ಅಲ್ಲಿ ಕೂರದಿರಲಿ ಎಂದು.

ಹೀಗೆ ಕಣಕಣವಾದ ಮೈ ಮೇಲೆ ಜಿಡ್ಡಿನ ಕ್ರೇಯಾನ್ ಎಳೆದಾಗ ಕಣದ ತುದಿಗೆ ಮಾತ್ರ ಬಣ್ಣ ಹತ್ತುತ್ತದೆ, ನಡುವಿನ ಕಣಿವೆ ಬಿಳಿಯಾಗಿ ಉಳಿಯುತ್ತದೆ. ಹಳೆಯ ಪೋಸ್ಟರಿನ ಮರಳು ನೆರಳು ಇದೇ. ಗಟ್ಟಿ ಕಪ್ಪಿಗೆ, ಅಕ್ಷರಕ್ಕೆ ದ್ರವದ ಶಾಯಿ: ಮೇಣ, ಕೊಬ್ಬು, ಸೋಪು, ಅರಗು, ಕಾಡಿಗೆ ಸೇರಿದ್ದು. ಬೆರಳು ತಾಗಿದರೆ ಬೆರಳಚ್ಚೂ ಮುದ್ರಣವಾಗುತ್ತದೆ. ಅದಕ್ಕೇ ಕಲ್ಲಿಗೆ ತಾಗದಂತೆ ಎರಡೂ ಬದಿ ಎತ್ತರಿಸಿದ ಹಲಗೆಯ ಮೇಲೆ ಕೈ ಊರಿ ಬರೆಯುತ್ತಾರೆ. ಅಕ್ಷರಕ್ಕೆ ಮೊದಲು ಕೆಂಪು ಕಾವಿಯಲ್ಲಿ ಅಡಿಗೆರೆ, ಮೇಲ್ಗೆರೆ. ಕಾವಿಯಲ್ಲಿ ಜಿಡ್ಡಿಲ್ಲದ್ದರಿಂದ ಅದು ಅಚ್ಚಿಗೆ ಬರುವುದಿಲ್ಲ. ಅಕ್ಷರವೆಲ್ಲ ಬಲದಿಂದ ಎಡಕ್ಕೆ, ತಿರುವುಮುರುವು. ಪಕ್ಕದಲ್ಲಿ ಕನ್ನಡಿ ಇಟ್ಟುಕೊಂಡು ಒಂದೊಂದು ಸಾಲನ್ನೂ ನೋಡಿಕೊಳ್ಳುತ್ತಾರೆ.

ಚಿತ್ರ ಮುಗಿದ ಮೇಲೆ ರಾಳದ ಪುಡಿ, ಟಾಲ್ಕ್ ಸವರಿ, ಅರೇಬಿಕ್ ಗೋಂದಿನ ದ್ರಾವಣಕ್ಕೆ ನೈಟ್ರಿಕ್ ಆಸಿಡ್ ಸೇರಿಸಿ ಹಚ್ಚುತ್ತಾರೆ. 30 ಮಿಲಿಲೀಟರ್ ಗೋಂದಿಗೆ ತೆಳು ಛಾಯೆ ಇರುವಲ್ಲಿ 5–8 ಹನಿ, ದಟ್ಟ ಕಪ್ಪಿಗೆ 15–20 ಹನಿ ಎಂಬುದು ಬೂದು ಕಲ್ಲಿಗೆ ಆರಂಭದ ಅಂದಾಜು. ಹಳದಿ ಕಲ್ಲಿಗೆ ಇನ್ನೂ ಕಡಿಮೆ. ಗಾಳಿ ಬರುವ ಕೋಣೆ, ಕೈಗವಸು ಬೇಕೇ ಬೇಕು. ಆಸಿಡ್ ಹೆಚ್ಚಾದರೆ ನೊರೆ ಎದ್ದು ತೆಳು ನೆರಳು ಸುಟ್ಟುಹೋಗುತ್ತದೆ, ಅದು ಮರಳಿ ಬರುವುದಿಲ್ಲ. ಕಡಿಮೆಯಾದರೆ ಅಚ್ಚು ಹಾಕುತ್ತಾ ಹೋದಂತೆ ನೆರಳಿನ ಬಿಳಿ ಕಣಿವೆಗಳಲ್ಲಿ ಶಾಯಿ ತುಂಬಿ ಚಿತ್ರ ಮಸಿಯಾಗುತ್ತದೆ. ಜಿಡ್ಡು ಕಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ ನೀರೊಲ್ಲದ ಪದರವಾಗುವುದು, ಉಳಿದೆಡೆ ಗೋಂದು ನೀರು ಹಿಡಿಯುವ ಪದರವಾಗುವುದು, ಇಷ್ಟೇ ಇದರ ರಸಾಯನ. ಆಮೇಲೆ ಟರ್ಪೆಂಟೈನ್‌ನಿಂದ ಮೂಲ ಚಿತ್ರವನ್ನು ಒರೆಸಿಬಿಟ್ಟರೂ ಅದರ ನೆಲೆ ಕಲ್ಲಿನಲ್ಲಿ ಉಳಿದಿರುತ್ತದೆ. ಸ್ಪಂಜಿನಿಂದ ನೀರು ಸವರಿ ತೊಗಲಿನ ರೋಲರ್ ಉರುಳಿಸಿದಾಗ ಶಾಯಿ ಆ ನೆಲೆಗೆ ಮಾತ್ರ ಹತ್ತುತ್ತದೆ.

ಪ್ರೆಸ್ಸಿನಲ್ಲಿ ಕಾಗದವನ್ನು ಒತ್ತುವುದು ತೊಗಲು ಹೊದಿಸಿದ ಮರದ ಪಟ್ಟಿ. ಅದು ಚಿತ್ರಕ್ಕಿಂತ ಎರಡೂ ಬದಿಗೆ ಒಂದು ಸೆಂಟಿಮೀಟರ್ ಉದ್ದ, ಕಲ್ಲಿಗಿಂತ ಗಿಡ್ಡ ಇರಬೇಕು. ಪಟ್ಟಿ ಕಲ್ಲಿನ ಅಂಚಿನಾಚೆ ಇಳಿದರೆ ಕಲ್ಲು ಮುರಿಯುತ್ತದೆ. ಅಚ್ಚು ಹಾಕುವಾಗ ಕಲ್ಲು ಒಣಗಿದರೆ ಖಾಲಿ ಜಾಗಕ್ಕೂ ಶಾಯಿ ಹಿಡಿಯುತ್ತದೆ. ನೀರು ಹೆಚ್ಚಾದರೆ ಶಾಯಿಯೊಳಗೇ ನೀರು ಕಲಸಿ ಕಪ್ಪು ಬೂದಿಯಾಗುತ್ತದೆ.

ಬಣ್ಣದ ಕಲ್ಲಚ್ಚಿಗೆ ಫ್ರಾನ್ಸಿನ ಮುದ್ರಕ ಗಾಡ್‌ಫ್ರುವಾ ಎಂಗೆಲ್ಮನ್ 1837ರಲ್ಲಿ ಪೇಟೆಂಟ್ ಪಡೆದ. ಒಂದು ಕಲ್ಲಿನಲ್ಲಿ ಗೆರೆಚಿತ್ರ ಬರೆದು, ಅದರ ಪ್ರತಿಯನ್ನು ಜಿಡ್ಡಿಲ್ಲದ ಕೆಂಪು ಪುಡಿಯಲ್ಲಿ ಉಳಿದ ಕಲ್ಲುಗಳಿಗೆ ಇಳಿಸಿ, ಒಂದೊಂದರ ಮೇಲೆ ಒಂದೊಂದು ಬಣ್ಣದ ಭಾಗ ತುಂಬುತ್ತಿದ್ದರು. ಬಣ್ಣ ಜೋಡಿಸಲು ಅಂಚಿನಲ್ಲಿ ಶಿಲುಬೆ ಗುರುತು ಮತ್ತು ಸೂಜಿಯ ತೂತು. ಇಲ್ಲಿ ದೊಡ್ಡ ಶತ್ರು ಹವೆಯ ತೇವ: ಕಾಗದ ಅರ್ಧ ಮಿಲಿಮೀಟರ್ ಹಿಗ್ಗಿದರೂ ತುಟಿಯ ಕೆಂಪು ಗಲ್ಲಕ್ಕೆ ಸರಿಯುತ್ತದೆ. 1894ರಲ್ಲಿ ರಾಜಾ ರವಿವರ್ಮ ಮುಂಬೈಯಲ್ಲಿ ತೆರೆದು, ಮುಂದೆ ಲೋನಾವಳಾ ಹತ್ತಿರದ ಮಳವಲಿಗೆ ಹೋದ ಪ್ರೆಸ್ಸು ಜರ್ಮನ್ ಯಂತ್ರ, ಜರ್ಮನ್ ತಂತ್ರಜ್ಞರನ್ನು ನೆಚ್ಚಿಕೊಂಡದ್ದು ಇಂಥ ಕೆಲಸಕ್ಕೆ. ನಮ್ಮ ಹಳೆಯ ಮನೆಗಳ ಲಕ್ಷ್ಮಿ, ಸರಸ್ವತಿ ಪಟಗಳಲ್ಲಿ ಮುಖದ ಮೇಲೆ ಕಾಣುವ ಚುಕ್ಕೆಗಳು ಕಲ್ಲಿನ ಮೇಲೆ ಲೇಖನಿಯಲ್ಲಿ ಒಂದೊಂದಾಗಿ ಇಟ್ಟವು.

ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ, 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದದ್ದು, ಅಚ್ಚಾದದ್ದೂ ಕಲ್ಲಿನಿಂದ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1841ರಲ್ಲಿ ಕಲ್ಲಚ್ಚಿನ ಪ್ರೆಸ್ಸು ಇಟ್ಟುಕೊಂಡಿತ್ತು. ಸೀಸದ ಮೊಳೆಗಳಲ್ಲಿ ಕನ್ನಡ ಅಚ್ಚು ಹಾಕಲು ಕಾಗುಣಿತಕ್ಕೊಂದು, ಒತ್ತಕ್ಷರಕ್ಕೊಂದು ಎಂದು ನೂರಾರು ಮೊಳೆ ಎರಕ ಹೊಯ್ಯಬೇಕು. ಕಲ್ಲಿಗೆ ಅದೊಂದೂ ಬೇಡ, ಒಳ್ಳೆಯ ಕೈಬರಹ ಇದ್ದರೆ ಸಾಕು. ತಿರುಗಾಮುರುಗಾ ಬರೆಯುವ ಕಷ್ಟಕ್ಕೂ ಸೆನೆಫೆಲ್ಡರ್ ಉಪಾಯ ಹುಡುಕಿದ್ದ: ಅಂಟು ಸವರಿದ ಕಾಗದದ ಮೇಲೆ ನೇರವಾಗಿ ಬರೆದು, ಕಲ್ಲಿನ ಮೇಲೆ ಮಗುಚಿ ಒತ್ತಿ, ತೇವ ಮಾಡಿ ಕಾಗದ ಸುಲಿಯುವುದು. ಕಲ್ಲಿನಲ್ಲಿ ತಿರುವಾಗಿ ಬಿದ್ದ ಅಕ್ಷರ ಅಚ್ಚಿನಲ್ಲಿ ನೇರವಾಗುತ್ತದೆ. ಕಲ್ಲಚ್ಚಿನ ಕನ್ನಡ ಪುಟದಲ್ಲಿ ಒಂದೇ ಸಾಲಿನ ಎರಡು ‘ಕ್ಷ’ಗಳನ್ನು ಹೋಲಿಸಿ ನೋಡಿ, ಒಂದರಂತೆ ಇನ್ನೊಂದು ಇರುವುದಿಲ್ಲ. ಮೊಳೆಯ ಪುಟದಿಂದ ಇದನ್ನು ಬೇರ್ಪಡಿಸಲು ಇದಕ್ಕಿಂತ ಸುಲಭ ಗುರುತಿಲ್ಲ.

ಸಂಗ್ರಹಕಾರರು 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಇಟ್ಟುಕೊಂಡಿರಬೇಕು. ಚುಕ್ಕೆಗಳು ಅಳತೆ ತಪ್ಪಿ, ಸಾಲು ತಪ್ಪಿ ಇದ್ದರೆ ಕೈಯ ಕಲ್ಲಚ್ಚು. ಸಮಾನ ಅಂತರದಲ್ಲಿ ಸಣ್ಣ ಹೂಗಳಂತೆ ಜೋಡಿಸಿಕೊಂಡಿದ್ದರೆ ಆಮೇಲಿನ ಆಫ್‌ಸೆಟ್ ಮರುಮುದ್ರಣ. ಹಳೆಯದೆಂದು ಮಾರುವ ಪಟಗಳಲ್ಲಿ ಇವೂ ಇರುತ್ತವೆ. ಮೊಳೆ ಅಚ್ಚಾದರೆ ಅಕ್ಷರದ ಅಂಚಿಗೆ ಶಾಯಿ ಒತ್ತಿಕೊಂಡ ಕಪ್ಪು ಗೆರೆ, ಕಾಗದದ ಹಿಂಬದಿಯಲ್ಲಿ ಉಬ್ಬು ಕಾಣುತ್ತದೆ. ಕಲ್ಲಚ್ಚಿನಲ್ಲಿ ಎರಡೂ ಇಲ್ಲ.

ಮ್ಯೂನಿಕ್‌ಗೆ ಮರಳಿದ ಮೇಲೆ ಆಲ್ಟರ್ ಜ್ಯೂಡ್‌ಫ್ರೀಡ್‌ಹೋಫ್ ಸ್ಮಶಾನದಲ್ಲಿ 1834ರಲ್ಲಿ ತೀರಿಕೊಂಡ ಸೆನೆಫೆಲ್ಡರ್‌ನ ಸಮಾಧಿ ನೋಡಬಹುದು. ಇದಕ್ಕಿಂತ ಮುಖ್ಯವಾದದ್ದು ಬವೇರಿಯಾ ಸರ್ವೇ ಇಲಾಖೆಯ ಕಲ್ಲುಗಳ ಭಂಡಾರ. 1808ರಲ್ಲಿ ಶುರುವಾದ ಜಮೀನು ಅಳತೆಗಾಗಿ ಹೆಚ್ಚಾಗಿ 1:5000 ಪ್ರಮಾಣದಲ್ಲಿ ಬರೆದ 26,000ಕ್ಕೂ ಹೆಚ್ಚು ಕಲ್ಲುಗಳನ್ನು ಅಲ್ಲಿ ಅಂಚಿಗೆ ನಿಲ್ಲಿಸಿ ಸಾಲಾಗಿ ಇಟ್ಟಿದ್ದಾರೆ. 1809ರಲ್ಲಿ ಸೆನೆಫೆಲ್ಡರ್‌ನೇ ಅಲ್ಲಿ ಕಲ್ಲಚ್ಚಿನ ಮೇಲ್ವಿಚಾರಕನಾಗಿ ಸೇರಿದ್ದ. ಹೊಲದ ಗಡಿ, ಊರಿನ ಹೆಸರು, ಸರ್ವೇ ನಂಬರು ಎಲ್ಲವೂ ತಿರುವು ಅಕ್ಷರದಲ್ಲಿ, ಅಕ್ಕಿಕಾಳಿಗಿಂತ ಸಣ್ಣದಾಗಿ. ಅಕ್ಷರ ಬರೆಯುವವರು ನೋಡಲೇಬೇಕಾದ ಜಾಗ ಇದು. ಇದು ಸರ್ಕಾರಿ ಕಚೇರಿ, ಮ್ಯೂಸಿಯಂ ಅಲ್ಲ, ಹಾಗಾಗಿ ಹೊರಡುವ ಮುಂಚೆಯೇ ಬರೆದು ಅನುಮತಿ ಕೇಳಿಕೊಳ್ಳಬೇಕು.

ಕಲ್ಲು ಕೊಂಡು ತರುವ ಮನಸ್ಸಿದ್ದರೆ ಹಳೆಯ ಸಣ್ಣ ಕಲ್ಲೇ ಲೇಸು. 20×25 ಸೆಂಟಿಮೀಟರ್, 6 ಸೆಂಟಿಮೀಟರ್ ದಪ್ಪದ್ದು ಸುಮಾರು 8 ಕಿಲೋ. ಅದನ್ನು ಚೆಕ್-ಇನ್ ಲಗೇಜಿನಲ್ಲಿ, ಬಟ್ಟೆಗಳ ನಡುವೆ, ಮೂಲೆಗಳಿಗೆ ರಟ್ಟು ಕಟ್ಟಿ ಇಡಬೇಕು. ಕೊಳ್ಳುವಾಗ ಮೂರು ಪರೀಕ್ಷೆ ಸಾಕು. ಬೆರಳ ಗೆಣ್ಣಿನಿಂದ ತಟ್ಟಿದರೆ ಸದ್ದು ಖಣಿಲ್ಲೆನ್ನಬೇಕು, ಬೊದ್ದಾಗಿ ಕೇಳಿದರೆ ಒಳಗೆ ಬಿರುಕಿದೆ. ನೀರು ಚಿಮುಕಿಸಿ ಒಣಗುವಾಗ ನೋಡಿದರೆ ಬಿರುಕಿನ ಗೆರೆಯಲ್ಲಿ ತೇವ ಕೊನೆಗೆ ಆರುತ್ತದೆ. ನಾಲ್ಕೂ ಮೂಲೆಯ ದಪ್ಪವನ್ನು ಕ್ಯಾಲಿಪರ್‌ನಿಂದ ಅಳೆಯಬೇಕು. ಹೆಚ್ಚಿನ ವ್ಯತ್ಯಾಸವಿದ್ದರೆ ಅದನ್ನು ಸಮ ಮಾಡುವಷ್ಟರಲ್ಲಿ ಕಲ್ಲು ಪ್ರೆಸ್ಸಿಗೆ ತಾಳದಷ್ಟು ತೆಳ್ಳಗಾಗಿರುತ್ತದೆ. ಮೇಲೆ ಹಳೆಯ ಲೇಬಲ್ಲೋ ಅಂಗಡಿಯ ಬಿಲ್ಲಿನ ತಲೆಬರಹವೋ ಉಳಿದಿದ್ದರೆ ಉಜ್ಜಿ ಅಳಿಸಬೇಡಿ, ಅಂಥದ್ದನ್ನು ಹಾಗೆಯೇ ಇಟ್ಟುಕೊಂಡು ಅಭ್ಯಾಸಕ್ಕೆ ಬೇರೆ ಖಾಲಿ ಕಲ್ಲು ಕೊಳ್ಳಿ.