ಮಳೆಗಾಲ, ಬೂಷ್ಟು ಮತ್ತು ನಮ್ಮ ಗಿಳಿ

ಜುಲೈ ಬಂತೆಂದರೆ ಮಡಿಕೇರಿಯಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ನಮ್ಮ ಆಫ್ರಿಕನ್ ಗ್ರೇ ಗಿಳಿಗಂತೂ ಅದು ಉಸಿರಿನ ಪ್ರಶ್ನೆ. ಅದಕ್ಕಿರುವುದು ಆಸ್ಪರ್‌ಜಿಲೋಸಿಸ್: ಬೂಷ್ಟಿನ ಕಣಗಳು ಶ್ವಾಸಕೋಶ, ಅದಕ್ಕೆ ಹೊಂದಿಕೊಂಡ ಗಾಳಿಚೀಲಗಳಲ್ಲಿ ಬೇರೂರುವ ಕಾಯಿಲೆ. ಗಾಳಿಚೀಲಗಳಿಗೆ ರಕ್ತದ ಹರಿವು ಕಡಿಮೆ. ನುಂಗಿದ ಔಷಧ ಅಲ್ಲಿಗೆ ತಲುಪುವುದೇ ಕಷ್ಟ. ಹಾಗಾಗಿ ಚಿಕಿತ್ಸೆ ತಿಂಗಳುಗಟ್ಟಲೆ. ಈ ಜಾತಿಗೆ ಇಟ್ರಾಕೊನಜೋಲ್ ಎಂಬ ಬೂಷ್ಟು ಕೊಲ್ಲುವ ಔಷಧ ಒಗ್ಗದಿರುವುದುಂಟು ಎಂದು ವೈದ್ಯರು ಅದೇ ಬಗೆಯ ವೊರಿಕೊನಜೋಲ್ ಕೊಟ್ಟಿದ್ದಾರೆ, ಜೊತೆಗೆ ಔಷಧವನ್ನು ಮಂಜಾಗಿಸಿ ಉಸಿರಿಗೆ ಕೊಡುವ ನೆಬ್ಯುಲೈಸರ್. ಅದರ ಸದ್ದು ಕೇಳಿದೊಡನೆ ಮಹಾರಾಯ ಬೆನ್ನು ತಿರುಗಿಸಿ ಕೂರುತ್ತಾನೆ.

ಬೂಷ್ಟು ಅಡಗಿರಬಹುದೆಂದು ಸಿಪ್ಪೆಯ ಕಡಲೆಕಾಯಿ ಬಂದ್. ಪಂಜರದ ಕಾಗದ ದಿನವೂ ಬದಲು, ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ. ಹಕ್ಕಿಗಳು ಕಾಯಿಲೆ ಮುಚ್ಚಿಡುವುದರಲ್ಲಿ ನಿಸ್ಸೀಮರು. ಉಸಿರಿನೊಂದಿಗೆ ಬಾಲವೂ ಕುಣಿಯತೊಡಗಿದರೆ, ದನಿ ಒಡೆದರೆ ನನ್ನ ಎದೆ ಧಸಕ್ಕೆನ್ನುತ್ತದೆ.

"ಒಂದು ಗಿಳಿಗೆ ಇಷ್ಟು ಖರ್ಚೇ?" ಎನ್ನುತ್ತಾರೆ ನೆಂಟರು. ಕಾಫಿಗೆ ಕೊಳೆರೋಗ ಬಂದರೆ ಬೋರ್ಡೋ ದ್ರಾವಣ ಹೊಡೆಯಲು ಇವರು ಒಂದು ಕ್ಷಣವೂ ಯೋಚಿಸುವುದಿಲ್ಲ. ಅದು ಫಸಲು ಕೊಡುತ್ತದೆ, ಸರಿ. ಇದು ಬೈಗುಳ ಕೊಡುತ್ತದೆ, ನನಗೆ ಸಾಕು.

ನಿನ್ನೆ ಅವರೆದುರೇ ಗಿಳಿ ಕೆಮ್ಮಿತು, ಥೇಟ್ ಅವರದೇ ದನಿಯಲ್ಲಿ. ಮಿಮಿಕ್ರಿಯೋ ಕಾಯಿಲೆಯೋ ತಿಳಿಯದೆ ವಿಡಿಯೊ ಮಾಡಿ ವೈದ್ಯರಿಗೆ ಕಳಿಸಿದ್ದೇನೆ.