‘ಬಿಸಿಲಿಗೆ ಹೋಗ್ತೀರಾ’ ಅಂತ ಕೇಳೋದು ಬಿಟ್ಟೆ

ಚರ್ಮದ ಕ್ಲಿನಿಕ್ಕಿನಲ್ಲಿ ಮೆಷಿನ್ ಹಿಡಿಯುವ ಕೆಲಸ ನನ್ನದು. ಡಾಕ್ಟರ್ ಸೆಟ್ಟಿಂಗ್ ಬರೆದು ಕೊಡುತ್ತಾರೆ, ನಾನು ಮುಖಕ್ಕೆ ಐಪಿಎಲ್ ಮಾಡುತ್ತೇನೆ. ಕ್ರಿಕೆಟ್ ಅಲ್ಲ ಮಾರಾಯ್ರೇ, ಇಂಟೆನ್ಸ್ ಪಲ್ಸ್ಡ್ ಲೈಟ್, ಬೆಳಕು. ಸುಮಾರು 500ರಿಂದ 1200 ನ್ಯಾನೋಮೀಟರ್‌ವರೆಗಿನ ತರಂಗಾಂತರದ ಬೆಳಕು ಪಟ್ ಪಟ್ ಅಂತ ಮಿಂಚುತ್ತದೆ, ಚರ್ಮದ ಕಪ್ಪು ಬಣ್ಣ ಅಂದರೆ ಮೆಲನಿನ್ ಅದನ್ನು ಹೀರಿಕೊಂಡು ಬಿಸಿಯಾಗುತ್ತದೆ. ಬಿಸಿಲಿಗೆ ಬಂದ ಕಲೆ ಮೊದಲು ಇನ್ನೂ ಕಪ್ಪಾಗಿ, ಒಂದು ವಾರದಲ್ಲಿ ಕಾಫಿ ಪುಡಿ ಥರ ಉದುರುತ್ತದೆ. ತೊಂದರೆ ಏನಪ್ಪಾ ಅಂದ್ರೆ, ಕಲೆಯ ಮೆಲನಿನ್ ಯಾವುದು, ನಮ್ಮ ಮೈಬಣ್ಣದ್ದು ಯಾವುದು ಅಂತ ಬೆಳಕಿಗೆ ಗೊತ್ತಾಗಲ್ಲ. ನಮ್ಮಂಥ ಗೋಧಿ, ಕಂದು ಬಣ್ಣದವರಿಗೆ ಅದಕ್ಕೇ ಪವರ್ ಕಡಿಮೆ ಇಡುತ್ತಾರೆ.

ಕೆಲವು ವರ್ಷದ ಹಿಂದಿನ ಮಾತು. ಒಬ್ಬರು ಟೀಚರ್, ಐವತ್ತರ ಹತ್ತಿರ. ಮೊದಲ ಸಿಟ್ಟಿಂಗ್ ಚೆನ್ನಾಗಿ ಆಗಿತ್ತು. ನಾಲ್ಕು ವಾರ ಬಿಟ್ಟು ಎರಡನೆಯದಕ್ಕೆ ಬಂದರು. “ಬಿಸಿಲಿಗೆ ಏನಾದ್ರೂ ಹೋಗಿದ್ರಾ ಮೇಡಂ?” ಅಂದೆ. “ಇಲ್ಲಮ್ಮ, ಸ್ಕೂಲು, ಮನೆ ಅಷ್ಟೇ.” ಫಾರಂನಲ್ಲಿ ಟಿಕ್ ಹಾಕಿದೆ, ಹೋದ ಸಲದ ಸೆಟ್ಟಿಂಗನ್ನೇ ಇಟ್ಟೆ, ಕಿವಿ ಹತ್ತಿರ ಒಂದು ಶಾಟ್ ಹೊಡೆದು ಕಾದು ನೋಡುವ ಟೆಸ್ಟನ್ನೂ ಮಾಡಲಿಲ್ಲ. ಹೊರಗೆ ಇನ್ನೂ ಮೂರು ಜನ ಕಾಯುತ್ತಿದ್ದರು ನೋಡಿ.

ಮೂರನೇ ಶಾಟಿಗೇ “ಸ್ವಲ್ಪ ಜಾಸ್ತಿ ಸುಡ್ತಾ ಇದೆ ಕಣಮ್ಮ” ಅಂದರು. ರಬ್ಬರ್ ಬ್ಯಾಂಡ್ ಹೊಡೆದ ಹಾಗೆ ಅನಿಸುತ್ತೆ, ಅಷ್ಟೇ ಮೇಡಂ ಅಂತ ಸಮಾಧಾನ ಹೇಳಿ ಮುಂದುವರಿಸಿದೆ. ಇವತ್ತಿಗೂ ನನ್ನನ್ನು ಚುಚ್ಚುವುದು ಆ ಮಾತೇ. ಜೆಲ್ ಒರೆಸಿದಾಗ ಕೆನ್ನೆ ಮೇಲೆ ಸಾಲಾಗಿ ಕೆಂಪು ಚೌಕಗಳು, ಮಕ್ಕಳ ಪೆನ್ಸಿಲ್ ರಬ್ಬರ್ ಅಳತೆಯವು. ಹ್ಯಾಂಡ್‌ಪೀಸಿನ, ಅಂದರೆ ಮುಖಕ್ಕೆ ಒತ್ತುವ ಮೆಷಿನ್ ತುದಿಯ ಅಚ್ಚು.

ಓಡಿ ಹೋಗಿ ಡಾಕ್ಟರನ್ನು ಕರೆದೆ. ಅವರು ತಣ್ಣಗಿನ ಪ್ಯಾಕ್ ಇಡಿಸುತ್ತಾ ಸುಮ್ನೆ ಮಾತಿಗೆ ಅಂತ ಸ್ಕೂಲಿನ ವಿಷಯ ತೆಗೆದರು. ಎರಡು ವಾರದಿಂದ ಸ್ಪೋರ್ಟ್ಸ್ ಡೇ ಪ್ರಾಕ್ಟೀಸ್ ಅಂತೆ, ದಿನಾ ಒಂಬತ್ತರಿಂದ ಹನ್ನೊಂದು, ಮೈದಾನದಲ್ಲಿ. “ಅದೂ ಬಿಸಿಲಾ ಡಾಕ್ಟ್ರೇ?” ಅಂದರು ಆ ಮೇಡಂ. ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಬಿಸಿಲು ಅಂದರೆ ಮಧ್ಯಾಹ್ನದ್ದು. ಬೆಳಗಿನ ಬಿಸಿಲಿಗೇ ಮುಖದ ಮೆಲನಿನ್ ಜಾಸ್ತಿಯಾಗಿತ್ತು, ಹೋದ ಸಲದ ಸೆಟ್ಟಿಂಗ್ ಅದಕ್ಕೇ ಸುಟ್ಟಿತ್ತು. ಕೆಂಪು ಇಳಿದ ಮೇಲೆ ಉಳಿದ ಕಂದು ಗುರುತು ಹೋಗಲು ಮೂರು ತಿಂಗಳು ಹಿಡಿಯಿತು.

ಈಗ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. “ನಿನ್ನೆ ಎದ್ದಾಗಿಂದ ಏನೇನು ಮಾಡಿದ್ರಿ?” ಅನ್ನುತ್ತೇನೆ. ಆಗ ಹೊರಗೆ ಬರುತ್ತದೆ: ಟೆರೇಸಿನಲ್ಲಿ ಹಪ್ಪಳ, ಸ್ಕೂಟರಿನಲ್ಲಿ ಮಗಳನ್ನು ಬಿಟ್ಟಿದ್ದು, ಊರಿನ ಜಾತ್ರೆ. ಆಮೇಲೆ ಕೈಗಡಿಯಾರ ಬಿಚ್ಚಿಸಿ ಪಟ್ಟಿ ಕೆಳಗಿನ ಬಣ್ಣ ನೋಡುತ್ತೇನೆ. ಕ್ರೀಮಿನ ಕಥೆಯೂ ಇದೇ. ‘ಏನೂ ಹಚ್ಚಲ್ಲ’ ಅಂದವರ ಬ್ಯಾಗಿನಲ್ಲೇ ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಟ್ಯೂಬ್ ಇರುತ್ತದೆ. ಬಂಗು ಇದ್ದರಂತೂ ಡಾಕ್ಟರ್ ಇನ್ನೊಮ್ಮೆ ನೋಡುವವರೆಗೆ ಮೆಷಿನ್ ಆನ್ ಮಾಡುವುದಿಲ್ಲ, ಈ ಬೆಳಕಿಗೆ ಅದು ಇನ್ನೂ ಜಾಸ್ತಿ ಆಗಬಹುದು.

ಹೋದ ವಾರ ಒಬ್ಬರ ಗಡಿಯಾರದ ಕೆಳಗೆ ಬಿಳಿ ಪಟ್ಟಿ ಎದ್ದು ಕಾಣುತ್ತಿತ್ತು. ಮಗಳ ಮದುವೆ ಹತ್ತಿರ ಇದೆ, ಮಾಡಿಬಿಡಿ ಅಂದರು. ನಾಲ್ಕು ವಾರ ಸನ್‌ಸ್ಕ್ರೀನ್ ಹಚ್ಚಿ ಬನ್ನಿ ಆಂಟಿ ಅಂದಿದ್ದಕ್ಕೆ ಮುಖ ಊದಿಸಿಕೊಂಡು ಹೋದರು. ಮದುವೆ ಇರುವುದು ಮೂರು ವಾರಕ್ಕೆ.