ಅಂಟು ಹಚ್ಚಿದ ಬ್ಯಾಟರಿ

ಪುಸ್ತಕ ಓದುವ ನನ್ನ ಇ-ರೀಡರ್ ಸತ್ತಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಒಂದೂವರೆ ವರ್ಷ ಕಪಾಟಿನಲ್ಲಿ ಸೀರೆಗಳ ಕೆಳಗೆ ಬಿದ್ದಿತ್ತು. ತೆಗೆದಾಗ ಪರದೆ ಮೇಲೆ ಅದೇ ಹಳೇ ಚಿತ್ರ. ಇ-ಇಂಕ್ ಪರದೆಯೇ ಹಾಗೆ. ಪುಟ ಬದಲಾಗುವಾಗ ಮಾತ್ರ ಕರೆಂಟ್ ಬೇಕು, ಮೂಡಿದ್ದು ನಿಲ್ಲಲು ಬೇಡ. ರಾತ್ರಿಯಿಡೀ ಚಾರ್ಜಿಗೆ ಇಟ್ಟೆ. ಜಪ್ಪಯ್ಯ ಅನ್ನಲಿಲ್ಲ.

2013ರಲ್ಲಿ ಕೊಂಡದ್ದು. ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಓದಲು. ಆಗ ಕಂಬ ಹಿಡಿದು ನಿಂತು ಓದಿದ್ದೇ ಜಾಸ್ತಿ. ಚಿಗರಿ ಬಸ್ಸು ಬಂದ ಮೇಲೆ ಎಸಿಯಲ್ಲಿ ಕೂತು. ಕನ್ನಡ ಅಂದರೆ ಮಾತ್ರ ಅದಕ್ಕೆ ಹಟ. ಇ-ಪಬ್ (ಇ-ಪುಸ್ತಕದ ಫೈಲು) ಹಾಕಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಪಿಡಿಎಫ್ ಮಾಡಿ ಹಾಕುತ್ತಿದ್ದೆ.

ಕಂಪನಿಗೆ ಕೇಳಿದೆ. (ಹೆಸರು ಬೇಡ ಬಿಡಿ.) ಬ್ಯಾಟರಿ ಬದಲಿಸಿ ಕೊಡುವುದಿಲ್ಲವಂತೆ, ಹೊಸ ಮಾಡೆಲ್ ತಗೊಳ್ಳಬೇಕಂತೆ. ಹೊಸದರಲ್ಲಿ ಓದುವ ಅಕ್ಷರ ಅದೇ ತಾನೆ?

ಕೊಪ್ಪಿಕರ್ ರೋಡ್ ಕಡೆ ಒಬ್ಬ ಮೊಬೈಲ್ ರಿಪೇರಿ ಹುಡುಗನಿದ್ದಾನೆ. ಅಂಟು ಹಚ್ಚಿ ಮುಚ್ಚಿದ್ದ ಹಿಂಬದಿಗೆ ಬಿಸಿಗಾಳಿ ಹಿಡಿದು, ಹಳೇ ಎಟಿಎಂ ಕಾರ್ಡ್ ತೂರಿಸಿ ಮೆಲ್ಲಗೆ ಎಬ್ಬಿಸಿದ. ನನಗೆ ಜೀವ ಕೈಯಲ್ಲಿ. ಪರದೆಯೊಳಗೆ ತೆಳು ಗಾಜು, ಸ್ವಲ್ಪ ಬಾಗಿದರೂ ಮುಗೀತು. ಮೀಟರ್ ಹಿಡಿದು ನೋಡಿ, "ಅಕ್ಕಾರ, ಸ್ಕ್ರೀನ್ ಛಲೋ ಐತ್ರಿ. ಬ್ಯಾಟರಿ ಅಷ್ಟ ಸತ್ತೈತಿ" ಅಂದ. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಇಟ್ಟರೆ ಹೀಗೇ ಆಗುತ್ತದೆ. ಬಲವಂತವಾಗಿ ಚಾರ್ಜ್ ಹತ್ತಿಸಿದರೆ ಒಳಗೇ ಶಾರ್ಟ್ ಆಗುವ ಭಯ ಬೇರೆ. ಇಡುವುದಾದರೆ ಅರ್ಧ ತುಂಬಿಸಿ, ತಂಪಾದ ಜಾಗದಲ್ಲಿ ಇಡಬೇಕು. ಅಂದರೆ ತಪ್ಪು ಅರ್ಧ ನನ್ನದೇ.

ಉಳಿದರ್ಧ ಆ ಅಂಟಿನದು. "ಬಿಎಲ್-5ಸಿ ಇದ್ದಾಗ ಉಗುರು ಸಾಕಿತ್ರಿ" ಅಂದ ಹುಡುಗ. ನೋಕಿಯಾ ಫೋನಿನ ಆ ಬ್ಯಾಟರಿ ಇವತ್ತಿಗೂ ಸಿಗುತ್ತದೆ, ಸಣ್ಣ ಎಫ್ಎಂ ರೇಡಿಯೋಗಳಿಗೂ ಅದನ್ನೇ ಹಾಕುತ್ತಾರೆ. ಇ-ರೀಡರ್‌ಗಳೂ ಮೊದಲು ಹೀಗಿರಲಿಲ್ಲ. 2007ರ ಮೊದಲ ಕಿಂಡಲ್‌ನಲ್ಲಿ ಹಿಂಬದಿ ಮುಚ್ಚಳ ತೆಗೆದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಈಗ ಐರೋಪ್ಯ ಒಕ್ಕೂಟ ಕಾನೂನು ಮಾಡಿದೆ. 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರುವ ಬಹುತೇಕ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು. ನಮ್ಮ ಕಪಾಟಿಗೆ ಅದು ಯಾವಾಗ ಬರುತ್ತದೋ.

ಬ್ಯಾಟರಿ ಮೇಲಿನ ನಂಬರ್ ನೋಡಿ ಆನ್‌ಲೈನ್‌ನಲ್ಲಿ ತರಿಸಿದೆವು. ಬಂದದ್ದು ಹಳೇ ಸ್ಟಾಕು, ಎರಡೇ ದಿನಕ್ಕೆ ಇಳಿಯಿತು. ಬಳಸದೆ ಇಟ್ಟರೂ ಇವಕ್ಕೆ ವಯಸ್ಸಾಗುತ್ತದೆ. ಹಾಗಾಗಿ ಮುಂದಿಗೂ ಇರಲಿ ಅಂತ ಎರಡೆರಡು ತಂದಿಡುವ ನನ್ನ ಜಾಣತನವೂ ನಡೆಯಲಿಲ್ಲ. ಇನ್ನೊಂದು ಕಡೆಯಿಂದ ತರಿಸಿದ್ದು ಒಂದು ಚಾರ್ಜಿಗೆ ಮೂರು ವಾರ ಬರುತ್ತಿದೆ.

ಮುಚ್ಚುವಾಗ ಹುಡುಗ ಅಂಟು ಹಚ್ಚಲಿಲ್ಲ. ಎರಡು ಪಟ್ಟಿ ಟೇಪ್ ಅಂಟಿಸಿ, ಆ ಎಟಿಎಂ ಕಾರ್ಡನ್ನೂ ನನ್ನ ಕೈಗಿಟ್ಟ. "ಮುಂದಿನ ಸಲ ನೀವ ಬಿಚ್ಚರಿ ಅಕ್ಕಾರ."